ಘಟ್ಟ ಇಳಿದ ಮೇಲೆ ನೀಲಿ ಹೊಗೆ: ಹಳೆ ಬುಲೆಟ್‌ನ ವಾಲ್ವ್ ಗೈಡ್ ಅಳತೆ

ಶಿರಸಿಯಿಂದ ಕುಮಟಾ ಕಡೆ ದೇವಿಮನೆ ಘಟ್ಟ ಇಳಿಯುವಾಗ ಥ್ರಾಟಲ್ ಮುಚ್ಚಿರುತ್ತದೆ. ಕೆಳಗೆ ಬಂದು ತೆರೆದ ಕೂಡಲೇ ಭಕ್ಕನೆ ನೀಲಿ ಹೊಗೆ. ಏರಿನಲ್ಲಿ ಹೊಗೆ ಇಲ್ಲ. ಹೀಗಿದ್ದರೆ ಮೊದಲ ಅನುಮಾನ ಪಿಸ್ಟನ್ ರಿಂಗ್ ಮೇಲಲ್ಲ, ಇನ್‌ಲೆಟ್ ಗೈಡ್ ಮೇಲೆ, ಅಂದರೆ ಗಾಳಿ-ಪೆಟ್ರೋಲ್ ಒಳಬಿಡುವ ವಾಲ್ವ್‌ನ ಕಡ್ಡಿ ಜಾರುವ ಕೊಳವೆಯ ಮೇಲೆ. ಥ್ರಾಟಲ್ ಮುಚ್ಚಿದಾಗ ಪೋರ್ಟ್‌ನ (ವಾಲ್ವ್‌ಗೆ ಹೋಗುವ ದಾರಿಯ) ನಿರ್ವಾತ ಗೈಡಿನ ಸಂದಿಯಿಂದ ಆಯಿಲ್ ಎಳೆಯುತ್ತದೆ.

ಹೆಡ್ (ಸಿಲಿಂಡರ್‌ನ ಮೇಲ್ಭಾಗ) ಬಿಚ್ಚಿ, ಸ್ಪ್ರಿಂಗ್ ತೆಗೆದು, ಕಾರ್ಬನ್ ಪೂರ್ತಿ ಉಜ್ಜಿ ತೆಗೆಯಿರಿ. ಕಾರ್ಬನ್ ಉಳಿದರೆ ಸವೆದ ಗೈಡೂ ಬಿಗಿಯಾಗಿ ಕಾಣುತ್ತದೆ. ವಾಲ್ವನ್ನು 10 ಮಿ.ಮೀ. ಎತ್ತಿ ಅಲುಗಾಡಿಸಿ ನೋಡುವುದು ಬರೀ ಅಂದಾಜು. ಡಯಲ್ ಗೇಜ್ ಇಟ್ಟರೂ ತಲೆಯ ಓಲಾಟ ನಿಜವಾದ ಸಂದಿಗಿಂತ ಹೆಚ್ಚೇ ತೋರಿಸುತ್ತದೆ. ಮೈಕ್ರೋಮೀಟರ್‌ನಲ್ಲಿ ಸ್ಟೆಮ್ಮನ್ನು (ವಾಲ್ವ್‌ನ ಕಡ್ಡಿಯನ್ನು), ಸಣ್ಣ ತೂತಿನ ಒಳಅಳತೆ ಹಿಡಿಯುವ ಸ್ಮಾಲ್ ಹೋಲ್ ಗೇಜ್‌ನಲ್ಲಿ ಗೈಡನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಗೈಡನ್ನು ರಾಕರ್ (ವಾಲ್ವನ್ನು ಒತ್ತಿ ತೆರೆಯುವ ತೋಳು) ತಳ್ಳುವ ದಿಕ್ಕಿನಲ್ಲೊಮ್ಮೆ, ಅದಕ್ಕೆ ಅಡ್ಡವಾಗಿ ಇನ್ನೊಮ್ಮೆ ಅಳೆಯಬೇಕು. ರಾಕರ್ ಪಕ್ಕಕ್ಕೆ ಒತ್ತುವುದರಿಂದ ತೂತು ಅಂಡಾಕಾರವಾಗಿ, ತುದಿಗಳಲ್ಲಿ ಗಂಟೆಯ ಬಾಯಿಯಂತೆ ಅಗಲವಾಗುತ್ತದೆ. ನಡುವೆ ಮಾತ್ರ ಅಳೆದವರಿಗೆ ಎಲ್ಲವೂ ಸರಿ ಅನಿಸುತ್ತದೆ!

ಇನ್‌ಲೆಟ್‌ಗೆ ಸಾಮಾನ್ಯವಾಗಿ 0.02–0.05 ಮಿ.ಮೀ. ಸಂದಿ, ಹೆಚ್ಚು ಬಿಸಿಯಾಗುವ ಎಕ್ಸಾಸ್ಟ್‌ಗೆ (ಹೊಗೆ ಹೊರಬಿಡುವ ವಾಲ್ವ್‌ಗೆ) ತುಸು ಜಾಸ್ತಿ; ಕೊನೆಯ ಮಾತು ಮ್ಯಾನುಯಲ್‌ನದು. ಈ ಗಾಡಿಯ ಇನ್‌ಲೆಟ್ ಗೈಡಿನ ಕೆಳತುದಿಯಲ್ಲಿ 0.14 ಮಿ.ಮೀ. ಸಂದಿ ಇತ್ತು, ಅಂದರೆ ಗೈಡ್ ಬದಲಾಗಲೇಬೇಕು.

ಕಾರವಾರದ ಉಪ್ಪುಗಾಳಿಯಲ್ಲಿ ಮಳೆಗಾಲವಿಡೀ ನಿಂತ ಗಾಡಿಯ ಸ್ಟೆಮ್‌ನಲ್ಲಿ ತುಕ್ಕಿನ ಕುಳಿ ಇದ್ದರೆ ವಾಲ್ವೂ ಬದಲಾಗಲೇಬೇಕು, ಇಲ್ಲವಾದರೆ ಹೊಸ ಗೈಡನ್ನೂ ತಿಂದುಹಾಕುತ್ತದೆ. ಅಲ್ಯೂಮಿನಿಯಂ ಹೆಡ್ಡನ್ನು ಓವನ್‌ನಲ್ಲಿ ಸುಮಾರು 150 ಡಿಗ್ರಿಗೆ ಸಮವಾಗಿ ಕಾಯಿಸಿ, ಮೆಟ್ಟಿಲಿರುವ ಡ್ರಿಫ್ಟ್‌ನಿಂದ (ಬಡಿದು ತಳ್ಳುವ ಲೋಹದ ಕಡ್ಡಿ) ಗೈಡ್ ಹೊರದೂಡಿ. ಒಂದೇ ಕಡೆ ಗ್ಯಾಸ್ ಜ್ವಾಲೆ ಹಿಡಿದರೆ ಹೆಡ್ ಸೊಟ್ಟಗಾಗುತ್ತದೆ. ಹೊಸ ಗೈಡ್ ಕೂತ ಮೇಲೆ ರೀಮ್ ಮಾಡಿ (ತೂತನ್ನು ಸರಿಯಾದ ಅಳತೆಗೆ ಕೊರೆದು), ಸೀಟ್ (ವಾಲ್ವ್ ಕೂರುವ ಅಂಚು) ಮತ್ತೆ ಕತ್ತರಿಸಿ. ಗೈಡಿನ ಅಕ್ಷ ಕೂದಲೆಳೆ ಸರಿದರೂ ಹಳೆ ಸೀಟ್‌ನಲ್ಲಿ ವಾಲ್ವ್ ಒಂದೇ ಬದಿ ಕೂರುತ್ತದೆ. ಲ್ಯಾಪಿಂಗ್ (ವಾಲ್ವನ್ನು ಸೀಟ್‌ಗೆ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸುವುದು) ಆದ ಮೇಲೆ ಸ್ಪ್ರಿಂಗ್ ಜೋಡಿಸಿ, ಪೋರ್ಟ್‌ಗೆ ಸೀಮೆಎಣ್ಣೆ ಸುರಿದು ಸೋರುತ್ತದೆಯೇ ನೋಡಿ.