ಫಾರಿನ್ನಲ್ಲಿರೋ ಮಕ್ಕಳ ಫೋನ್ ಟೈಮು ತಪ್ಪದಂಗೆ ನೋಡ್ಕೊಳ್ಳೋದು ಹೆಂಗೆ

ಮಂಡ್ಯದಲ್ಲಿ ನಮ್ಮ ಚಿಕ್ಕಮ್ಮ ದಿನಾ ಡೇರಿಗೆ ಹಾಲು ಹಾಕ್ಬಂದು ಸರಿಯಾಗಿ ಆರೂವರೆಗೆ ಫೋನ್ ಹಿಡ್ಕೊಂಡು ಜಗಲಿ ಮೇಲೆ ಕೂರ್ತಾರೆ, ನ್ಯೂಜೆರ್ಸಿಲಿರೋ ಮಗ ಅಲ್ಲಿನ ರಾತ್ರಿ ಒಂಬತ್ತಕ್ಕೆ ಮಾಡ್ತಾನೆ. ಹೋದ ನವೆಂಬರಲ್ಲಿ ಒಂದು ಸೋಮವಾರ ಏಳಾದ್ರೂ ಫೋನಿಲ್ಲ, ಏನಾಯ್ತೋ ಏನೋ ಅಂತ ಗಾಬರಿಯಾಗಿ ನಂಗೆ ಫೋನ್ ಮಾಡಿ ಅತ್ತೇಬಿಟ್ರು. ಅವ್ನು ಮಾಮೂಲಿ ಒಂಬತ್ತಕ್ಕೇ ಮಾಡ್ದ, ನಮಗದು ಏಳೂವರೆ ಆಗಿತ್ತು ಅಷ್ಟೆ. ಇನ್ಯಾರೂ ಹಂಗೆ ಹೆದ್ರಬಾರ್ದು ಅಂತಲೇ ಇದನ್ನ ಬರೀತಿದೀನಿ.

ನಮ್ಮ ಟೈಮು ವರ್ಷಪೂರ್ತಿ ಒಂದೇ, ಬದಲಾಗೋದು ಅವ್ರದ್ದು. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್ ಮೊದಲನೇ ಭಾನುವಾರ ವಾಪಸ್ ಹಿಂದಕ್ಕೆ, 2007ರಿಂದ ಇದೇ ಲೆಕ್ಕ. 2026ಕ್ಕೆ ಮಾರ್ಚ್ 8, ನವೆಂಬರ್ 1. ನ್ಯೂಯಾರ್ಕ್ ಕಡೆಯವ್ರು ಬೇಸಿಗೇಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಕ್ಯಾಲಿಫೋರ್ನಿಯಾ ಆದ್ರೆ ಹನ್ನೆರಡೂವರೆ, ಹದಿಮೂರೂವರೆ. ಮಕ್ಕಳು ಫೀನಿಕ್ಸಲ್ಲೋ ಹವಾಯಿಲೋ ಇದ್ರೆ ಈ ತಲೆನೋವಿಲ್ಲ, ಅಲ್ಲಿ ಬದಲಾಯಿಸಲ್ಲ. ದುಬೈ, ಸಿಂಗಾಪುರದವ್ರಿಗೂ ಇಲ್ಲ.

ಇಂಗ್ಲೆಂಡು, ಜರ್ಮನಿ ಎಲ್ಲ ಮಾರ್ಚ್ ಕೊನೇ ಭಾನುವಾರ, ಅಕ್ಟೋಬರ್ ಕೊನೇ ಭಾನುವಾರ. ಲಂಡನ್ನವ್ರು ಬೇಸಿಗೇಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಮೈಸೂರಲ್ಲಿ ಕೂತ್ಕೊಂಡು ಅಮೆರಿಕ, ಲಂಡನ್ ಎರಡೂ ಕಡೆಯವ್ರ ಜೊತೆ ಮೀಟಿಂಗ್ ಮಾಡೋರು ಇಲ್ಲೇ ಎಡವೋದು: 2026ರಲ್ಲಿ ಮಾರ್ಚ್ 8ರಿಂದ 29ರವರೆಗೆ ಅಮೆರಿಕ ಬದಲಾಗಿರತ್ತೆ, ಲಂಡನ್ ಆಗಿರಲ್ಲ. ಮೀಟಿಂಗನ್ನ ಯಾರ ಊರಿನ ಟೈಮಿಗೆ ಇಟ್ಟಿದ್ದಾರೆ ಅಂತ ಮೊದ್ಲೇ ಕೇಳ್ಕೊಂಡ್ಬಿಡಿ.

ಸಿಡ್ನಿ, ಮೆಲ್ಬರ್ನ್ ಉಲ್ಟಾ, ಅವ್ರಿಗೆ ಬೇಸಿಗೆ ಬರೋದೇ ನಮ್ಮ ಚಳಿಗೆ. ಅಕ್ಟೋಬರ್ ಮೊದಲನೇ ಭಾನುವಾರ ಶುರು, ಏಪ್ರಿಲ್ ಮೊದಲನೇ ಭಾನುವಾರ ಮುಗೀತು. ಆವಾಗ ನಮಗಿಂತ ಐದೂವರೆ ಗಂಟೆ ಮುಂದಿರ್ತಾರೆ, ಉಳಿದ ಟೈಮಲ್ಲಿ ನಾಲ್ಕೂವರೆ. ಬ್ರಿಸ್ಬೇನಲ್ಲಿ ಬದಲಾವಣೆ ಇಲ್ಲ.

ಫೋನಲ್ಲಿ ಕ್ಲಾಕ್ ಓಪನ್ ಮಾಡಿ, ವರ್ಲ್ಡ್ ಕ್ಲಾಕಲ್ಲಿ ಪ್ಲಸ್ ಒತ್ತಿ ಮಕ್ಕಳಿರೋ ಊರಿನ ಹೆಸ್ರು ಹಾಕಿ, ದೇಶದ ಹೆಸ್ರು ನಂಬ್ಕೊಂಡು ಕೂರ್ಬೇಡಿ, ಅಮೆರಿಕದೊಳಗೇ ಆರು ಟೈಮಿದೆ. ಅದು ತಾನಾಗೇ ಬದಲಾಗತ್ತೆ.

ಫೋನಲ್ಲಿ ಇದೆಲ್ಲ ಹುಡುಕೋಕೆ ಆಗದ ಹಿರಿಯರಿಗೆ ಗೋಡೆ ಗಡಿಯಾರವೇ ವಾಸಿ. ಚಿಕ್ಕಮ್ಮನ ಮನೇಲಿ ಕ್ಯಾಲೆಂಡರ್ ಪಕ್ಕ ಇನ್ನೊಂದು ಗಡಿಯಾರ ಹಾಕಿ ಕೆಳಗೆ ಮಗನ ಹೆಸ್ರು ಬರ್ದು ಅಂಟಿಸಿದೀವಿ, ಆ ಎರಡು ಭಾನುವಾರಕ್ಕೆ ಕುಂಕುಮದಲ್ಲಿ ಗುರುತು ಹಾಕಿದೀವಿ. ಅಮೆರಿಕದ ಪೂರ್ವದ ಕಡೆ ಮಾರ್ಚಲ್ಲಿ ಬದಲಾಗೋದು ನಮ್ಮ ಭಾನುವಾರ ಮಧ್ಯಾಹ್ನ ಹನ್ನೆರಡೂವರೆಗೆ, ಹಂಗಾಗಿ ಊಟ ಆದ್ಮೇಲೆ ಯಾರಾದ್ರೂ ಸ್ಟೂಲ್ ಹತ್ತಿ ಮುಳ್ಳನ್ನ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ರೆ ಸೋಮವಾರ ಬೆಳಿಗ್ಗೆ ಫೋನು ಸರಿಯಾಗಿ ಸಿಗತ್ತೆ.