ಕರುಳಿನ ಬ್ಯಾಕ್ಟೀರಿಯಾ ಆಂಟಿಬಾಡಿ ರಿಪೋರ್ಟ್ ನಂಬಿ ಕೂರಬೇಡಿ, ಹೀಗೆ ಮಾಡಿ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಮಲದಲ್ಲಿ ರಕ್ತ ಕಂಡರೆ ಮೊದಲು ಬೈಗುಳ ಬೀಳುವುದು ಖಾರಕ್ಕೆ. "ಉಷ್ಣ ಆಗೇದ, ಮಜ್ಜಿಗಿ ಕುಡಿ" ಅಂತಾರೆ. ಅದಕ್ಕೂ ಬಗ್ಗದಿದ್ದರೆ ಮೂಲವ್ಯಾಧಿ ಔಷಧಿ. ಈಗ ಇಂಟರ್ನೆಟ್ ಓದಿದವರು ಇನ್ನೊಂದು ಕೇಳುತ್ತಾರೆ: ರಕ್ತದಲ್ಲಿ ಕರುಳಿನ ಬ್ಯಾಕ್ಟೀರಿಯಾ ವಿರುದ್ಧದ ಆಂಟಿಬಾಡಿ (ರೋಗಾಣು ಎದುರಿಸಲು ದೇಹ ತಯಾರಿಸುವ ಪ್ರೋಟೀನ್) ನೋಡಿ ಕರುಳಿನ ಕ್ಯಾನ್ಸರ್ ಹೇಳಬಹುದಂತೆ, ಹೌದಾ?

ವಿಷಯ ಪೂರ್ತಿ ಸುಳ್ಳಲ್ಲ. ಗಡ್ಡೆ ಇರುವಲ್ಲಿ ಕರುಳಿನ ಒಳಪದರ ಹಾಳಾಗಿ ಬ್ಯಾಕ್ಟೀರಿಯಾ ಒಳಗೆ ನುಗ್ಗುತ್ತವೆ, ಆಗ ದೇಹ ಅವುಗಳ ವಿರುದ್ಧ ಆಂಟಿಬಾಡಿ ತಯಾರಿಸುತ್ತದೆ ಅನ್ನುವುದು ಇದರ ಹಿಂದಿನ ಯೋಚನೆ. ಹೆಚ್ಚು ಚರ್ಚೆಯಲ್ಲಿರುವ ಬ್ಯಾಕ್ಟೀರಿಯಾ ಅಂದರೆ ಸ್ಟ್ರೆಪ್ಟೋಕಾಕಸ್ ಗ್ಯಾಲೊಲಿಟಿಕಸ್, ಮತ್ತೆ ಬಾಯಲ್ಲಿ ವಾಸಿಸುವ ಫ್ಯೂಸೊಬ್ಯಾಕ್ಟೀರಿಯಂ. ಆದರೆ ಕ್ಯಾನ್ಸರ್ ಇರುವ ಎಷ್ಟೋ ಜನರಲ್ಲಿ ಈ ಆಂಟಿಬಾಡಿ ಸಿಗುವುದಿಲ್ಲ, ಗಟ್ಟಿಮುಟ್ಟಾಗಿರುವವರಲ್ಲೂ ಸಿಗುತ್ತದೆ. ಪಾಸಿಟಿವ್ ಬಂದರೆ ಸುಮ್ನೆ ಗಾಬರಿ. ನೆಗೆಟಿವ್ ಬಂದು ನಿಶ್ಚಿಂತೆಯಿಂದ ಮಲಗುವುದು ಅದಕ್ಕಿಂತ ಕೆಟ್ಟದ್ದು, ಅಲ್ವಾ?

ಹಾಗಾಗಿ ತೊಂದರೆ ಏನೂ ಇಲ್ಲದೆ ಬರೀ ತಪಾಸಣೆ ಬೇಕಿದ್ದರೆ ಲ್ಯಾಬಿನಲ್ಲಿ 'ಫಿಟ್' (FIT) ಅನ್ನುವ ಮಲ ಪರೀಕ್ಷೆ ಕೇಳಿ. ಇದು ಮಲದಲ್ಲಿ ಕಣ್ಣಿಗೆ ಕಾಣದ ಮನುಷ್ಯರ ರಕ್ತವನ್ನು ಮಾತ್ರ ಹಿಡಿಯುತ್ತದೆ, ಮಟನ್ ತಿಂದಿದ್ದರೂ ಪರವಾಗಿಲ್ಲ. ಮಲದಲ್ಲಿ ರಕ್ತ ನೋಡುವ ಹಳೇ ಗ್ವಾಯಕ್ ಪರೀಕ್ಷೆಗೆ ಪಥ್ಯ ಬೇಕು, ಅದಕ್ಕೇ ಯಾವುದು ಮಾಡ್ತೀರಿ ಅಂತ ಮೊದಲೇ ಕೇಳಿಕೊಳ್ಳಿ. ಕೂತು ಹೋಗುವ ಸಂಡಾಸಾದರೆ ಹಳೇ ಪೇಪರ್ ಹಾಸಿ, ನೀರು, ಮೂತ್ರ ತಾಗದಂತೆ ಕಡ್ಡಿಯಿಂದ ಸ್ವಲ್ಪ ತೆಗೆದು ಟ್ಯೂಬಿಗೆ ಹಾಕಿ, ಬೇಗ ಲ್ಯಾಬಿಗೆ ಮುಟ್ಟಿಸಿ. ನಮ್ಮ ಏಪ್ರಿಲ್ ಬಿಸಿಲಲ್ಲಿ ಬೈಕ್ ಡಿಕ್ಕಿಯಲ್ಲಿಟ್ಟು ಊರೆಲ್ಲ ತಿರುಗಿದರೆ ರಕ್ತದ ಅಂಶ ಕೆಟ್ಟು ತಪ್ಪಾಗಿ ನೆಗೆಟಿವ್ ಬರಬಹುದು.

ಫಿಟ್ ಪಾಸಿಟಿವ್ ಬಂದರೆ ಇನ್ನೊಮ್ಮೆ ಮಾಡಿ ನೋಡೋಣ ಅನ್ನಬೇಡಿ, ಮುಂದಿನದು ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳನ್ನು ನೋಡುವುದು. ಕಣ್ಣಿಗೇ ರಕ್ತ ಕಾಣುತ್ತಿದ್ದರೆ, ಮಲದ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ ಅಥವಾ ವಯಸ್ಸಾದ ಗಂಡಸಿಗೆ ಕಬ್ಬಿಣಾಂಶ ಕಮ್ಮಿಯಾಗಿ ರಕ್ತಹೀನತೆ ಬಂದಿದ್ದರೆ, ಫಿಟ್‌ಗೂ ಕಾಯದೆ ಡಾಕ್ಟರ್ ಹತ್ತಿರ ಹೋಗಿ. ಅಪ್ಪ, ಅವ್ವ, ಅಣ್ಣ-ತಮ್ಮ, ಅಕ್ಕ-ತಂಗಿ ಯಾರಿಗಾದರೂ ಈ ಕ್ಯಾನ್ಸರ್ ಆಗಿದ್ದರೆ ಅವರಿಗೆ ಯಾವ ವಯಸ್ಸಿನಲ್ಲಿ ಗೊತ್ತಾಯಿತು ಅಂತಲೂ ಹೇಳಿ. ನಿಮ್ಮ ತಪಾಸಣೆ ಯಾವಾಗ ಶುರುವಾಗಬೇಕು ಅನ್ನುವುದು ಅದರ ಮೇಲೂ ನಿಂತಿದೆ. ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ ಇದ್ದರೆ ಕೊಲೊನೋಸ್ಕೋಪಿಗೆ ಮುಂಚೆಯೇ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ.

ಮೇಲೆ ಹೇಳಿದ ಗ್ಯಾಲೊಲಿಟಿಕಸ್ ಬ್ಯಾಕ್ಟೀರಿಯಾ ನಿಜಕ್ಕೂ ಲೆಕ್ಕಕ್ಕೆ ಬರುವ ಸಂದರ್ಭ ಒಂದಿದೆ. ಬಿಡದ ಜ್ವರ, ಹೃದಯದ ಕವಾಟದ ಸೋಂಕು ಅಂತ ದಾಖಲಾದವರ ಬ್ಲಡ್ ಕಲ್ಚರ್‌ನಲ್ಲಿ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಗ್ಯಾಲೊಲಿಟಿಕಸ್ ಅಥವಾ ಹಳೇ ಹೆಸರಿನಲ್ಲಿ 'ಸ್ಟ್ರೆಪ್ಟೋಕಾಕಸ್ ಬೋವಿಸ್' ಅಂತ ಬಂದರೆ, ಕರುಳಿನಲ್ಲಿ ಗಡ್ಡೆ ಇರಬಹುದು; ಅದಕ್ಕೇ ಡಿಸ್ಚಾರ್ಜ್ ಆಗುವ ಮುಂಚೆ ಕೊಲೊನೋಸ್ಕೋಪಿ ಯಾವಾಗ ಅಂತ ಕೇಳಿ ಬರೆಸಿಕೊಳ್ಳಿ.