15 ಜಿಬಿ ತುಂಬಿದಾಗ ನಮ್ಮ ಮನೆ ಫೋಟೊಗಳನ್ನು ಉಳಿಸಿಕೊಂಡ ಬಗೆ

ಫೋನಿನ ಗೂಗಲ್ ಫೋಟೋಸ್‌ನಲ್ಲಿ ‘ಜಾಗ ತುಂಬುತ್ತಿದೆ’ ಅಂತ ಬಂದ ಕೂಡಲೇ ಬಹಳ ಜನ ದುಡ್ಡು ಕಟ್ಟಿ ಸುಮ್ಮನಾಗುತ್ತಾರೆ. ಇಲ್ಲವೇ ಕೈಗೆ ಸಿಕ್ಕಿದ್ದನ್ನೆಲ್ಲ ಅಳಿಸುತ್ತಾ ಕೂರುತ್ತಾರೆ. ನಾನು ಮೊದಲು ಅಷ್ಟೂ ಫೋಟೊಗಳ ಒಂದು ಪೂರ್ತಿ ಪ್ರತಿಯನ್ನು ಮೈಸೂರಿನ ನಮ್ಮ ಮನೆಗೆ ಇಳಿಸಿಕೊಂಡೆ. ದುಡ್ಡು ಕಟ್ಟಬೇಕಾ, ಏನು ಅಳಿಸಬೇಕು ಅನ್ನೋದನ್ನು ಆಮೇಲೆ ನೋಡಿದೆ. ನಮ್ಮ ಕೈಯಲ್ಲಿ ಪ್ರತಿ ಇದ್ದಾಗ ಮಾತ್ರ ಅದನ್ನೆಲ್ಲ ನೆಮ್ಮದಿಯಿಂದ ತೀರ್ಮಾನಿಸಬಹುದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೂಗಲ್ ಫೋಟೋಸ್ 2015ರಲ್ಲಿ ಶುರುವಾದಾಗ, ಸ್ವಲ್ಪ ಗಾತ್ರ ಇಳಿಸಿದ ಫೋಟೊಗಳನ್ನು ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಅಂದಿನಿಂದ ಏರಿಸಿದ ಪ್ರತಿ ಫೋಟೊ, ಒಂದು ಖಾತೆಗೆ ಪುಕ್ಕಟೆ ಸಿಗುವ 15 ಜಿಬಿ ಲೆಕ್ಕಕ್ಕೆ ಬರುತ್ತದೆ. ಆ 15 ಜಿಬಿಯಲ್ಲೇ ಜಿಮೇಲ್, ಡ್ರೈವ್ ಎಲ್ಲವೂ ಸೇರಿದೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದೇ ಲೆಕ್ಕಕ್ಕೆ ಸೇರಿಕೊಂಡಿದೆ. ಜಾಗ ಪೂರ್ತಿ ತುಂಬಿದರೆ ಫೋಟೊ ಏರುವುದು ಮಾತ್ರವಲ್ಲ, ಮೇಲ್ ಬರುವುದೂ ನಿಲ್ಲುತ್ತದೆ. ಮಕ್ಕಳ ಕಾಲೇಜಿನ ಪತ್ರ, ಬ್ಯಾಂಕಿನ ಪತ್ರ ಎಲ್ಲಾ ಅಲ್ಲಿಗೇ ಬರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಇದು ಒಂದೇ ಕಂಪನಿಯ ಕಥೆಯಲ್ಲ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಅಂತ ಕ್ಯಾಮೆರಾ ಹಿಡಿದು ಓಡಾಡುವವರಿಗೆ ಫ್ಲಿಕರ್ ಅನ್ನುವ ಫೋಟೊ ತಾಣ ಚೆನ್ನಾಗಿ ಗೊತ್ತು. 2013ರಲ್ಲಿ ಅದು ಎಲ್ಲರಿಗೂ 1 ಟಿಬಿ ಪುಕ್ಕಟೆ ಕೊಟ್ಟಿತು. 2018ರಲ್ಲಿ ಇನ್ನೊಂದು ಫೋಟೊ ಕಂಪನಿ ಸ್ಮಗ್‌ಮಗ್ ಅದನ್ನು ಕೊಂಡುಕೊಂಡಿತು. ಅದೇ ವರ್ಷ ನವೆಂಬರಿನಲ್ಲಿ, ದುಡ್ಡು ಕಟ್ಟದವರಿಗೆ 1,000 ಫೋಟೊ ಮಾತ್ರ ಅಂತ ಘೋಷಣೆ ಬಂತು. ಡಿಸ್ಕಿಗೆ, ಕರೆಂಟಿಗೆ, ಕೆಲಸದವರಿಗೆ ಈ ಕಂಪನಿಗಳೆಲ್ಲ ದುಡ್ಡು ಕೊಡಲೇಬೇಕು. 2020ರಲ್ಲಿ ಗೂಗಲ್ ಹೇಳಿದ ಲೆಕ್ಕದಂತೆ ಅವರಲ್ಲಿಗೆ ವಾರಕ್ಕೆ 2,800 ಕೋಟಿ ಹೊಸ ಫೋಟೊ, ವಿಡಿಯೊ ಬರುತ್ತಿದ್ದವು. ಅಷ್ಟನ್ನು ಯಾರೂ ಕೊನೆಯವರೆಗೆ ಪುಕ್ಕಟೆ ಇಟ್ಟುಕೊಳ್ಳಲಾರರು. ಶುಲ್ಕ ಕೇಳುವುದು ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ನಮ್ಮ ಮನೆಯ ನೆನಪುಗಳ ಒಂದೇ ಒಂದು ಪ್ರತಿ ಬೇರೆಯವರ ಕೈಯಲ್ಲಿರುವುದು ಖಂಡಿತ ತಪ್ಪು.

ಇಳಿಸಿಕೊಳ್ಳೋಕೆ ನಾನು ಬಳಸಿದ್ದು ಗೂಗಲ್ಲೇ ಅದಕ್ಕಾಗಿ ಕೊಡುವ ಸೌಲಭ್ಯ, ಗೂಗಲ್ ಟೇಕ್‌ಔಟ್. ಅದರಲ್ಲಿ ಮೊದಲು ಎಲ್ಲದರ ಟಿಕ್ ತೆಗೆದು, ಫೋಟೋಸ್ ಒಂದನ್ನೇ ಆರಿಸಿಕೊಂಡೆ. ಫೋಟೊಗಳನ್ನು ಕಟ್ಟಿಕೊಡುವ ಜಿಪ್ ಫೈಲ್ ಒಂದೊಂದೂ ಎಷ್ಟು ದೊಡ್ಡದಿರಬೇಕು ಅಂತ ಕೇಳುತ್ತದೆ. 50 ಜಿಬಿವರೆಗೂ ಅವಕಾಶವಿದೆ. ನಾನು 4 ಜಿಬಿ ತುಂಡುಗಳನ್ನು ಆರಿಸಿದೆ. ಮಧ್ಯೆ ಕರೆಂಟ್ ಹೋದರೆ ಒಂದು ತುಂಡು ಮಾತ್ರ ಮತ್ತೆ ಇಳಿಸಿದರಾಯಿತು, ಅಲ್ವಾ? ಎಲ್ಲಾ ಸಿದ್ಧವಾದ ಮೇಲೆ ಮೇಲ್‌ಗೆ ಲಿಂಕ್ ಬರುತ್ತದೆ. ಆ ಲಿಂಕ್ ಒಂದು ವಾರ ಮಾತ್ರ ಇರುತ್ತದೆ. ಹಾಗಾಗಿ ಊರಿಗೆ ಹೋಗುವ ಮುಂಚೆ ಇದನ್ನು ಶುರು ಮಾಡಬೇಡಿ.

ಎಲ್ಲಾ ತುಂಡುಗಳನ್ನೂ ಒಂದೇ ಫೋಲ್ಡರಿನೊಳಗೆ ಬಿಚ್ಚಬೇಕು. ಬಿಚ್ಚಿ ನೋಡಿದಾಗ ಪ್ರತಿ ಫೋಟೊದ ಪಕ್ಕದಲ್ಲಿ ಅದೇ ಹೆಸರಿನ ಒಂದು ಪುಟ್ಟ ಜೇಸನ್ (.json) ಫೈಲ್, ಅಂದರೆ ಮಾಹಿತಿ ಬರೆದಿಡುವ ಫೈಲ್, ಕಾಣಿಸಿತು. ಕಸ ಅಂತ ಅದನ್ನು ಅಳಿಸಬಾರದು. ಹಿಂದೆ ನಾನು ಅಮ್ಮನ ಹಳೇ ಆಲ್ಬಮ್ಮನ್ನು ಸ್ಕ್ಯಾನ್ ಮಾಡಿ ಏರಿಸಿದ್ದೆ. ಯಾವ ವರ್ಷದ್ದು, ಯಾರು ಯಾರು ಇದ್ದಾರೆ ಅಂತ ಆ್ಯಪ್‌ನಲ್ಲೇ ಬರೆದಿದ್ದೆ. ಹಾಗೆ ಬರೆದ ಮಾತು, ತಿದ್ದಿದ ದಿನಾಂಕ ಯಾವುದೂ ಫೋಟೊದ ಒಳಗೆ ಇರುವುದಿಲ್ಲ. ಅವೆಲ್ಲ ಇರುವುದು ಆ ಜೇಸನ್ ಫೈಲಿನಲ್ಲಿ.

ಅಮ್ಮನ ಮದುವೆಯ ಫೋಟೊದ ಜೇಸನ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ‘ಎಡಗಡೆ ಕೊಡೆ ಹಿಡಿದು ನಿಂತವರು ಸೋದರಮಾವ’ ಅಂತ ಕನ್ನಡದಲ್ಲಿ ಬರೆದದ್ದು ಹಾಗೇ ಇತ್ತು. ದಿನಾಂಕದ ಜಾಗದಲ್ಲಿ ಮಾತ್ರ ಮೈನಸ್ ಗುರುತಿನ ಒಂದು ಉದ್ದನೆಯ ಸಂಖ್ಯೆ. ಅದು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳ ಲೆಕ್ಕ. ಅಮ್ಮನ ಮದುವೆ ಆದದ್ದು 1969ರಲ್ಲಿ. ಅದಕ್ಕೇ ಮೈನಸ್. ಸಂಖ್ಯೆಯ ಕೆಳಗೆ ನಾವು ಓದುವಂಥ ದಿನಾಂಕವೂ ಇರುತ್ತದೆ. ಆದರೆ ಅದು ಯುಟಿಸಿ ಅನ್ನುವ ಜಾಗತಿಕ ಸಮಯ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವದ ಮುಹೂರ್ತದ ಫೋಟೊ ಆದರೆ ಹಿಂದಿನ ದಿನದ ತಾರೀಖು ಕಾಣಿಸುತ್ತದೆ. ಗಾಬರಿ ಬೇಡ.

ಈ ಮಾಹಿತಿಯನ್ನು ಫೋಟೊದ ಒಳಗೇ ಸೇರಿಸೋಕೆ ಎಕ್ಸಿಫ್‌ಟೂಲ್ ಅನ್ನುವ ಉಚಿತ ತಂತ್ರಾಂಶ ಇದೆ. ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಬೇಕು. ಕಲಿಯೋಕೆ ಸ್ವಲ್ಪ ತಾಳ್ಮೆ ಬೇಕು. ನಾನು ಮೊದಲು ಒಂದೇ ಫೋಲ್ಡರಿನ ನಕಲಿನ ಮೇಲೆ ಪ್ರಯೋಗ ಮಾಡಿ, ಸರಿ ಬಂದ ಮೇಲೆ ಉಳಿದದ್ದಕ್ಕೆ ಕೈ ಹಾಕಿದೆ. ಫೋನಿನಲ್ಲೇ ತೆಗೆದ ಫೋಟೊಗಳಿಗೆ ಇಷ್ಟು ಕಷ್ಟವಿಲ್ಲ. ಅವುಗಳ ದಿನಾಂಕ ಒಳಗೇ ಇರುತ್ತದೆ. ವಾಟ್ಸಾಪಿನಲ್ಲಿ ಬಂದವಕ್ಕೆ ಒಳಗೆ ದಿನಾಂಕ ಇರುವುದಿಲ್ಲ, ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರಲ್ಲೇ ಅದು ಬಂದ ವರ್ಷ, ತಿಂಗಳು, ದಿನ ಸಿಗುತ್ತದೆ.

ಇನ್ನು ಡಿಸ್ಕ್ ವಿಷಯ. ಎರಡು ಬೇರೆ ಬೇರೆ ಕಂಪನಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ತಗೊಂಡೆ. ಎರಡೂ ಒಟ್ಟಿಗೆ ಕೆಡುವ ಸಾಧ್ಯತೆ ಹಾಗೆ ಕಡಿಮೆ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ವೇಗ ಜಾಸ್ತಿ, ನಿಜ. ಆದರೆ ಅದನ್ನು ವರ್ಷಗಟ್ಟಲೆ ಕರೆಂಟಿಲ್ಲದೆ ಬೀರುವಿನಲ್ಲಿಟ್ಟರೆ ಬರೆದದ್ದು ಅಳಿಸಿಹೋಗಬಹುದು. ಎತ್ತಿಡುವ ಕೆಲಸಕ್ಕೆ ಹಳೇ ಮಾದರಿಯ ತಿರುಗುವ ಡಿಸ್ಕೇ ಸಾಕು. ಒಂದು ಡಿಸ್ಕ್ ಇಲ್ಲಿ ನನ್ನ ಹತ್ತಿರ ಇದೆ. ಇನ್ನೊಂದು ಮಂಡ್ಯದಲ್ಲಿ ಅಮ್ಮನ ಮನೆಯಲ್ಲಿ, ಜಮೀನಿನ ಪತ್ರಗಳ ಜೊತೆ. ದಸರಾ ರಜೆಯಲ್ಲಿ ಅಮ್ಮನ ಮನೆಗೆ ಹೋಗುವಾಗ ಹೊಸ ಫೋಟೊಗಳನ್ನು ತುಂಬಿದ ಡಿಸ್ಕನ್ನು ಅಲ್ಲಿಟ್ಟು, ಅಲ್ಲಿದ್ದದ್ದನ್ನು ವಾಪಸ್ ತರುತ್ತೇನೆ.

ಡಿಸ್ಕಿಗೆ ಹಾಕಿದ ಮೇಲೆ ತೆರೆದು ನೋಡಲೇಬೇಕು. ನಾನು ಪ್ರತಿ ವರ್ಷದ ಫೋಲ್ಡರಿನಿಂದ ಒಂದಷ್ಟು ಫೋಟೊ, ಒಂದಾದರೂ ವಿಡಿಯೊ ತೆರೆದು ನೋಡಿದೆ. ಎರಡೂ ಡಿಸ್ಕಿನಲ್ಲಿ ಫೈಲುಗಳ ಎಣಿಕೆ ಒಂದೇ ಇದೆಯಾ ಅಂತಲೂ ನೋಡಿದೆ. ಅಷ್ಟಾದ ಮೇಲೇ ಆನ್‌ಲೈನಿನಲ್ಲಿ ಅಳಿಸೋಕೆ ಶುರು ಮಾಡಿದ್ದು.

ಅಳಿಸುವಾಗ ಒಂದು ಎಚ್ಚರ ಬೇಕು. ಗೂಗಲ್ ಫೋಟೋಸ್‌ನಲ್ಲಿ ‘ಫ್ರೀ ಅಪ್ ಸ್ಪೇಸ್’ ಒತ್ತಿದರೆ ಫೋನಿನಲ್ಲಿರುವ ಪ್ರತಿ ಮಾತ್ರ ಹೋಗುತ್ತದೆ, ಆನ್‌ಲೈನಿನದು ಉಳಿಯುತ್ತದೆ. ‘ಡಿಲೀಟ್’ ಒತ್ತಿದರೆ ಎರಡೂ ಕಡೆ ಹೋಗುತ್ತದೆ. ಇನ್ನೊಂದು ವಿಷಯ, 2021ರ ಜೂನ್‌ಗೆ ಮುಂಚೆ ಗಾತ್ರ ಇಳಿಸಿ ಏರಿಸಿದ ಫೋಟೊಗಳು 15 ಜಿಬಿ ಲೆಕ್ಕಕ್ಕೆ ಬರುವುದೇ ಇಲ್ಲ. ಅವನ್ನು ಅಳಿಸಿದರೆ ಜಾಗ ಒಂದಿಷ್ಟೂ ಸಿಗುವುದಿಲ್ಲ, ಸುಮ್ನೆ ಫೋಟೊ ಹೋಗುತ್ತದೆ ಅಷ್ಟೇ. ನನಗೆ ಜಾಗ ಸಿಕ್ಕಿದ್ದು ದೊಡ್ಡ ವಿಡಿಯೊಗಳಿಂದ, ಸ್ಕ್ರೀನ್‌ಶಾಟ್‌ಗಳಿಂದ, ವಾಟ್ಸಾಪಿನ ಶುಭೋದಯದ ಚಿತ್ರಗಳಿಂದ. ವಾಟ್ಸಾಪ್ ಫೋಲ್ಡರಿನ ಬ್ಯಾಕಪ್ಪನ್ನೇ ನಿಲ್ಲಿಸಿಬಿಟ್ಟೆ.

ಆಯ್ಕೆ ಮಾಡುವ ಕೆಲಸವನ್ನು ಅಮ್ಮನ ಜೊತೆ ಕೂತು ಮಾಡಿದೆ. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಒಂದೊಂದೇ ತೋರಿಸುತ್ತಾ ಹೋದೆ. ಆಲೆಮನೆ ಮುಂದೆ ನಿಂತ ಒಂದು ಗುಂಪಿನ ಫೋಟೊ ಬಂತು. ಮಸುಕಾಗಿತ್ತು, ನಾನು ಅಳಿಸೋಕೆ ಹೊರಟೆ. “ಇರೇ, ಆ ಹಿಂದೆ ಬೆಲ್ಲದ ಅಚ್ಚು ಹಿಡ್ಕೊಂಡಿರೋರು ನಿಮ್ಮ ದೊಡ್ಡಪ್ಪ ಕಣೇ. ಅವರದು ಬೇರೆ ಫೋಟೊನೇ ಇಲ್ಲ” ಅಂದರು. ಅದು ಉಳಿಯಿತು, ದೊಡ್ಡಪ್ಪನ ಹೆಸರನ್ನೂ ಅದರಲ್ಲಿ ಸೇರಿಸಿದೆ. ಯಾವ ತಂತ್ರಾಂಶವೂ ಇದನ್ನು ಹೇಳುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ಈ ಕೆಲಸವನ್ನು ಮುಂದಕ್ಕೆ ಹಾಕಬೇಡಿ.

ಇಷ್ಟೆಲ್ಲ ಆದ ಮೇಲೂ ನಾನು 100 ಜಿಬಿ ಜಾಗಕ್ಕೆ ದುಡ್ಡು ಕಟ್ಟಿದ್ದೇನೆ. ನಾನು ಸೇರಿದಾಗ ಅದು ವರ್ಷಕ್ಕೆ 1,300 ರೂಪಾಯಿ ಇತ್ತು. ಫೋನ್ ಕಳೆದರೆ ಆ ವಾರದ ಫೋಟೊ ಉಳಿಯಲಿ, ತಂಗಿಗೆ ಆಲ್ಬಮ್ ಕಳಿಸೋದು ಸುಲಭವಾಗಲಿ ಅಂತ. ನಾಳೆ ದರ ಏರಿದರೆ ಬಿಡಬಹುದು. ಎಲ್ಲವೂ ಡಿಸ್ಕಿನಲ್ಲಿದೆ.

ಕೊನೆಗೆ ಇನ್ನೊಂದು ಕೆಲಸ ಮುಗಿಸಿದೆ. ಎರಡು ವರ್ಷ ಬಳಸದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು ಅಂತ ಅವರ ನಿಯಮವೇ ಹೇಳುತ್ತದೆ. ಖಾತೆಯ ಸೆಟ್ಟಿಂಗ್‌ನಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಅಂತ ಇದೆ. ನಾವು ಇಷ್ಟು ತಿಂಗಳು ಖಾತೆ ತೆರೆಯದಿದ್ದರೆ ಯಾರಿಗೆ ತಿಳಿಸಬೇಕು, ಯಾವುದನ್ನು ಇಳಿಸಿಕೊಳ್ಳೋಕೆ ಬಿಡಬೇಕು ಅಂತ ಅಲ್ಲಿ ಹೇಳಿಡಬಹುದು. ನಾನು ತಂಗಿಯ ಹೆಸರು ಕೊಟ್ಟಿದ್ದೇನೆ. ಡಿಸ್ಕ್ ಯಾವ ಬೀರುವಿನಲ್ಲಿದೆ ಅಂತಲೂ ಅವಳಿಗೆ ಹೇಳಿದ್ದೇನೆ.